ಲಕ್ಷ್ಮಣನ ಪಥ್ಯ

ಒಂದೇ ವಾರದಲ್ಲಿ ನಮ್ಮ ಮನೆಯ ಇಬ್ಬರಿಗೆ ಪಥ್ಯ ಶುರುವಾಯಿತು. ಸೋಮವಾರ ನನ್ನ ಡಾಕ್ಟರು ರಕ್ತಪರೀಕ್ಷೆಯ ಚೀಟಿಯನ್ನು ಕನ್ನಡಕದ ಒಳಗಿಂದ ಒಮ್ಮೆ, ಮೇಲಿಂದ ಒಮ್ಮೆ ನೋಡಿ, ‘ಅನ್ನ ಕಡಿಮೆ ಮಾಡಿ, ನವಣೆ ತಿನ್ನಿ’ ಅಂದರು. ಗುರುವಾರ ಲಕ್ಷ್ಮಣನ ಡಾಕ್ಟರು, ‘ನವಣೆ ಕಡಿಮೆ ಮಾಡಿಸಿ, ಸೊಪ್ಪು ತರಕಾರಿ ತಿನ್ನಿಸಿ’ ಅಂದರು. ಮನೆಯಲ್ಲಿ ಮೂರು ಕೇಜಿ ನವಣೆ ಇತ್ತು. ನಾನು ಲೆಕ್ಕದ ಮನುಷ್ಯ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕೂತು ಎದ್ದವನು. ಅವನ ಖಾತೆಯಿಂದ ನನ್ನ ಖಾತೆಗೆ ವರ್ಗಾಯಿಸಿದರೆ ಮುಗಿಯಿತಲ್ಲ ಅಂದೆ. ಹೆಂಡತಿ ನಕ್ಕಳು. ‘ಅದು ಸಿಪ್ಪೆ ಸಮೇತ ಇರೋದು ಕಣ್ರೀ. ಅವನಾದರೆ ಒಂದೊಂದೇ ಕಾಳು ಬಿಡಿಸ್ಕೊಂಡು ತಿಂತಾನೆ. ನಿಮಗೆ ಕಿತ್ತಳೆಹಣ್ಣನ್ನೂ ನಾನೇ ಬಿಡಿಸಿಕೊಡ್ಬೇಕು.’

ಲಕ್ಷ್ಮಣ ಅಂದರೆ ನಮ್ಮ ಬಡ್ಜಿ. ಗೇಣುದ್ದದ ಹಳದಿ ಹಸಿರು ಹಕ್ಕಿ, ಮೂಗಿನ ಮೇಲೆ ನೀಲಿ ಬೊಟ್ಟು. ನೀಲಿ ಇದ್ದರೆ ಗಂಡು, ಕಂದು ಇದ್ದರೆ ಹೆಣ್ಣು ಎಂದು ಅಂಗಡಿಯವನು ಹೇಳಿದ್ದ. ಅವನು ಹೇಳಿದ್ದರಲ್ಲಿ ಅದೊಂದೇ ನಿಜ. ‘ಲವ್ ಬರ್ಡ್ಸ್ ಸಾರ್’ ಎಂದು ಕೊಟ್ಟಿದ್ದ. ಲವ್ ಬರ್ಡ್ಸ್ ಆಫ್ರಿಕಾದವು, ಇದು ಆಸ್ಟ್ರೇಲಿಯಾದ್ದು. ‘ನವಣೆ ಹಾಕಿ ಸಾಕು, ಇನ್ನೇನೂ ಬೇಡ’ ಎಂದೂ ಹೇಳಿದ್ದ. ಆ ಮಾತಿಗೇ ನಾವೀಗ ದಂಡ ಕಟ್ಟುತ್ತಿರುವುದು.

ಮಗಳು ಇಟ್ಟ ಹೆಸರು ಲೆಮನ್. ನಮ್ಮಮ್ಮನ ನಾಲಗೆಗೆ ಅದು ಹೊರಳಲಿಲ್ಲ. ಎರಡು ದಿನ ‘ಲೆಮ್ಮಣ’ ಅಂದರು, ಮೂರನೆಯ ದಿನಕ್ಕೆ ಲಕ್ಷ್ಮಣ ಆದ. ಅಮ್ಮ ಹುಡುಗಿಯಾಗಿದ್ದಾಗ ಹಾಸನದ ಹತ್ತಿರದ ಊರಿನಲ್ಲಿ ಅವರ ಮನೆಯಲ್ಲಿ ಗಿಣಿ ಇತ್ತಂತೆ. ಹಸಿಮೆಣಸಿನಕಾಯಿಯನ್ನು ಮಿಠಾಯಿಯ ಹಾಗೆ ತಿನ್ನುತ್ತಿತ್ತಂತೆ. ಹಕ್ಕಿಗಳಿಗೆ ಮೆಣಸಿನ ಖಾರ ತಿಳಿಯುವುದಿಲ್ಲ ಎಂದು ನನಗೆ ಆಮೇಲೆ ಗೊತ್ತಾಯಿತು. ‘ಗಿಣೀನೇ ತರಬಾರದಿತ್ತೇನೋ’ ಎಂದು ಅಮ್ಮ ಕೇಳಿದಾಗ, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ನಮ್ಮ ಗಿಣಿಯನ್ನು ಪಂಜರದಲ್ಲಿಡುವುದು ಅಪರಾಧ ಎಂದು ವಿವರಿಸಿದೆ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, ‘ಹಂಗಾದ್ರೆ ಪರದೇಶಿಗಳನ್ನ ಕೂಡಿಹಾಕಬಹುದೋ?’ ಅಂದರು. ಬ್ಯಾಂಕಿನ ಆಡಿಟರೂ ನನ್ನನ್ನು ಹಾಗೆ ಸಿಕ್ಕಿಸಿದ್ದಿಲ್ಲ.

1840ರಲ್ಲಿ ಜಾನ್ ಗೂಲ್ಡ್ ಎಂಬ ಇಂಗ್ಲಿಷ್ ಪಕ್ಷಿತಜ್ಞ ಜೀವಂತ ಬಡ್ಜಿಗಳನ್ನು ಆಸ್ಟ್ರೇಲಿಯಾದಿಂದ ಇಂಗ್ಲೆಂಡಿಗೆ ಒಯ್ದ. ಅಲ್ಲಿಂದ ಅವು ಲೋಕವೆಲ್ಲ ಹಬ್ಬಿದವು. ಹೀಗೆ ಆಸ್ಟ್ರೇಲಿಯಾದ ಕೂಸೊಂದು ಮೈಸೂರಿನ ನಮ್ಮ ಹಜಾರಕ್ಕೆ ಬಂತು. ನಾಲ್ಕು ವರ್ಷದ ಮೇಲೆ ಮೈಸೂರಿನ ಕೂಸೊಂದು ಓದಲಿಕ್ಕೆಂದು ಮೆಲ್ಬರ್ನಿಗೆ ಹೋಯಿತು. ಲೆಕ್ಕ ಸರಿಹೋಯಿತು ಎಂದು ನಾನು ವಿಮಾನ ನಿಲ್ದಾಣದಿಂದ ವಾಪಸು ಬರುವಾಗ ಹೇಳಿದೆ. ಮಂಡ್ಯದವರೆಗೂ ಹೆಂಡತಿ ಮಾತಾಡಲಿಲ್ಲ.

ಅಮ್ಮ ಇದ್ದಷ್ಟು ದಿನ ಲಕ್ಷ್ಮಣನ ಊಟದ ಉಸ್ತುವಾರಿ ಅವರದ್ದೇ. ಬಡ್ಜಿ ಕಾಳನ್ನು ನುಂಗುವುದಿಲ್ಲ. ಕೊಕ್ಕಿನಲ್ಲಿ ಉರುಳಿಸಿ, ಸಿಪ್ಪೆ ಸುಲಿದು, ಒಳಗಿನದನ್ನು ಮಾತ್ರ ತಿಂದು, ಹೊಟ್ಟನ್ನು ಅದೇ ಬಟ್ಟಲಿಗೆ ಉದುರಿಸುತ್ತದೆ. ಅಮ್ಮ ದಿನಾ ಬೆಳಿಗ್ಗೆ ಬಟ್ಟಲನ್ನು ಬಾಗಿಲ ಹತ್ತಿರ ಒಯ್ದು ‘ಉಫ್’ ಎಂದು ಊದುತ್ತಿದ್ದರು. ಹೊಟ್ಟು ಹಾರಿಹೋಗಿ ಕಾಳು ಕೆಳಗೆ ಉಳಿಯುತ್ತಿತ್ತು. ಮೊರದಲ್ಲಿ ಭತ್ತ ಕೇರಿದ ಕೈ. ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವರು ಹೋದ ವರ್ಷ ಒಂದು ಮದುವೆಗೆಂದು ಎರಡು ದಿನ ಊರಿಗೆ ಹೋದೆವು. ಪಕ್ಕದ ಮನೆಯ ಹುಡುಗನಿಗೆ ಬೀಗದಕೈ ಕೊಟ್ಟು, ಬಟ್ಟಲು ಖಾಲಿಯಾದರೆ ಕಾಳು ಹಾಕು ಎಂದಿದ್ದೆ. ಹುಡುಗ ಎರಡು ಹೊತ್ತೂ ತಪ್ಪದೆ ಬಂದು ನೋಡಿದ್ದಾನೆ. ಬಟ್ಟಲು ತುಂಬಿಯೇ ಇತ್ತು. ನಾವು ಬಂದಾಗ ಲಕ್ಷ್ಮಣ ಪಂಜರದ ತಳದಲ್ಲಿ ಗರಿ ಉಬ್ಬಿಸಿಕೊಂಡು ನಿಂಬೆಹಣ್ಣಿನ ಹಾಗೆ ಕೂತಿದ್ದ. ಹೆಂಡತಿ ಬಟ್ಟಲು ಎತ್ತಿಕೊಂಡು ಊದಿದಳು. ಬರೀ ಹೊಟ್ಟು, ತಳದಲ್ಲಿ ಒಂದೇ ಒಂದು ಕಾಳಿರಲಿಲ್ಲ.

ಅವನು ಬದುಕಿಕೊಂಡ. ನಾನು ಮಾತ್ರ ಚೇತರಿಸಿಕೊಳ್ಳಲಿಲ್ಲ. ಅಂದಿನಿಂದ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ರಾತ್ರಿ ಮಲಗುವ ಮುಂಚೆ ಮತ್ತೊಂದು ಸಲ ಬಟ್ಟಲು ತುಂಬಿಸತೊಡಗಿದೆ. ನವಣೆ ಸಾಲದೆಂದು ಸೂರ್ಯಕಾಂತಿ ಬೀಜವನ್ನೂ ಸೇರಿಸಿದೆ. ಮಗಳ ಫೋನು ಬರದ ದಿನ ಬೀಜ ಸ್ವಲ್ಪ ಹೆಚ್ಚಾಗುತ್ತಿತ್ತು ಎಂದು ಹೆಂಡತಿ ಹೇಳುತ್ತಾಳೆ. ಅದಕ್ಕೆ ದಾಖಲೆ ಇಲ್ಲ.

ದಾಖಲೆ ಸಿಕ್ಕಿದ್ದು ಆಸ್ಪತ್ರೆಯಲ್ಲಿ. ಅವನು ಹಾರುವುದನ್ನು ಬಿಟ್ಟು ನಡೆಯತೊಡಗಿದ್ದಕ್ಕೆ ಕರೆದುಕೊಂಡು ಹೋಗಿದ್ದೆವು. ಎರಡು ನಾಯಿ, ಚೀಲದಲ್ಲಿ ಕೂತ ಒಂದು ಬೆಕ್ಕು, ಆಮೇಲೆ ನಾವು. ಡಾಕ್ಟರು ಮಗಳ ವಯಸ್ಸಿನ ಹುಡುಗಿ. ಲಕ್ಷ್ಮಣನನ್ನು ಕರವಸ್ತ್ರದಲ್ಲಿ ಹಿಡಿದು ಎದೆಯ ಗರಿಯ ಮೇಲೆ ಮೆಲ್ಲಗೆ ಊದಿದರು. ಅಮ್ಮ ಊದುತ್ತಿದ್ದ ಹಾಗೆಯೇ. ಗರಿ ಬಿಚ್ಚಿಕೊಂಡಿತು. ಚರ್ಮದ ಕೆಳಗೆ ಹಳದಿ ಕೊಬ್ಬು, ತುಪ್ಪ ಹೆಪ್ಪುಗಟ್ಟಿದ ಹಾಗೆ. ‘ನೋಡಿ ಸರ್, ಎದೆಮೂಳೆ ಕೈಗೇ ಸಿಗ್ತಿಲ್ಲ.’ ತಕ್ಕಡಿಯ ಮೇಲಿಟ್ಟರು. 52 ಗ್ರಾಂ. ಇರಬೇಕಾದ್ದು 30ರಿಂದ 40.

‘ಕಾಡಲ್ಲಿ ಅವು ಹುಲ್ಲಿನ ಬೀಜಾನೇ ತಿನ್ನೋದಲ್ವಾ ಮೇಡಂ?’ ಎಂದು ವಾದ ಹೂಡಿದೆ. ಬರುವ ದಾರಿಯಲ್ಲಿ ಫೋನಿನಲ್ಲಿ ಓದಿಕೊಂಡಿದ್ದೆ.

‘ಹೌದು ಸರ್. ಹತ್ತಾರು ಥರದ ಹುಲ್ಲು, ಹಸಿ ತೆನೆ. ಅದನ್ನ ಹುಡುಕ್ಕೊಂಡು, ನೀರು ಹುಡುಕ್ಕೊಂಡು ಎಷ್ಟೋ ಕಿಲೋಮೀಟರ್ ಹಾರ್ತವೆ. ನಿಮ್ಮದು ಊಟಕ್ಕೆ ಎಷ್ಟು ದೂರ ಹೋಗುತ್ತೆ?’

ಮನೆಗೆ ಬಂದು ಅಳೆದೆ. ಕೂರುವ ಕಡ್ಡಿಯಿಂದ ಬಟ್ಟಲಿಗೆ ನಾಲ್ಕು ಬೆರಳು. ಅದೇ ಬಿಸಿಯಲ್ಲಿ ನನ್ನ ಸೋಫಾದಿಂದ ಊಟದ ಮೇಜಿಗೆ ಎಷ್ಟು ಎಂದೂ ಅಳೆದೆ. ಹನ್ನೊಂದು ಹೆಜ್ಜೆ. ಸಂಖ್ಯೆಯನ್ನು ಯಾರಿಗೂ ಹೇಳಲಿಲ್ಲ.

ನವಣೆ ವಿಷವೇನಲ್ಲ, ನವಣೆಯೊಂದನ್ನೇ ತಿನ್ನುವುದು ತಪ್ಪು ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಬರೀ ಕಾಳು ತಿಂದರೆ ‘ಎ’ ಜೀವಸತ್ವ ಸಾಲದು, ಸುಣ್ಣ ಸಾಲದು, ಅಯೋಡಿನ್ ಸಾಲದು. ಗಂಟಲಲ್ಲಿ ಗಳಗಂಡ ಬರಬಹುದು. ಎಣ್ಣೆಬೀಜ ಜಾಸ್ತಿಯಾದರೆ ಯಕೃತ್ತಿಗೆ ಕೊಬ್ಬು. ಸೊಪ್ಪು, ತರಕಾರಿ, ಜೊತೆಗೆ ಪೆಲೆಟ್ ಎಂಬ ಉಂಡೆಕಾಳು ಕೊಡಬೇಕು. ಬೆಣ್ಣೆಹಣ್ಣು, ಚಾಕೊಲೇಟು, ಕಾಫಿ, ಈರುಳ್ಳಿ ಕೂಡದು. ಇನ್ನೊಂದು ಮಾತನ್ನು ಎರಡು ಸಲ ಹೇಳಿದರು: ‘ಹಸಿದ್ರೆ ತಾನೇ ತಿನ್ನುತ್ತೆ ಅಂತ ಕಾಳು ಪೂರ್ತಿ ನಿಲ್ಲಿಸ್ಬೇಡಿ. ಗೊತ್ತಿಲ್ಲದ್ದು ತಿನ್ನೋ ಬದಲು ಹಸಿವಲ್ಲೇ ಸತ್ತುಹೋಗುತ್ತೆ. ಅದಕ್ಕೆ ಕ್ಯಾರೆಟ್ ಊಟ ಅಂತಾನೇ ಗೊತ್ತಿಲ್ಲ.’ ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ತೂಕ ನೋಡಬೇಕು; ನಿಧಾನಕ್ಕೆ ಇಳಿದರೆ ಸರಿ, ದಡಕ್ಕನೆ ಇಳಿದರೆ ಮತ್ತೆ ಕಾಳು.

ತಕ್ಕಡಿ ಮನೆಯಲ್ಲಿತ್ತು. ನನ್ನ ನವಣೆ ಅಳೆಯಲೆಂದು ಅದೇ ಸೋಮವಾರ ತಂದಿದ್ದೆವು. ನನಗೆ ಹೊತ್ತಿಗೆ 60 ಗ್ರಾಂ ಎಂದು ಹೆಂಡತಿ ನಿಗದಿ ಮಾಡಿದ್ದಳು. ಮೊದಲು ಲಕ್ಷ್ಮಣ ಏರಿ ಇಳಿದ, 52. ಆಮೇಲೆ ನನ್ನ ನವಣೆ ಏರಿತು, 60. ಇಡೀ ಮನೆಯನ್ನು ಕುಣಿಸುತ್ತಿರುವ ಜೀವ ನನ್ನ ಒಂದು ಹೊತ್ತಿನ ಕಾಳಿಗಿಂತ ಹಗುರ ಎಂದು ಆಗ ತಿಳಿಯಿತು.

ಹಳೆಯ ಡೈರಿಯಲ್ಲಿ ಕಂಬ ಎಳೆದು ಬರೆಯತೊಡಗಿದೆ. ಮೊದಲ ದಿನ ತುರಿದ ಕ್ಯಾರೆಟ್. ಲಕ್ಷ್ಮಣ ಬಟ್ಟಲ ಅಂಚಿನಲ್ಲಿ ಕೂತು, ಒಂದು ಕಣ್ಣಿನಿಂದ ನೋಡಿ, ತಿರುಗಿ ಇನ್ನೊಂದು ಕಣ್ಣಿನಿಂದ ನೋಡಿ, ಎಳೆ ಎಳೆಯಾಗಿ ಎತ್ತಿ ಹೊರಗೆ ಎಸೆದ. ಸುಣ್ಣ ಹೊಡೆಸಿದ ಗೋಡೆಗೆ ಕೆಂಪು ಚುಕ್ಕೆ. ನಾಲ್ಕನೇ ದಿನ ಒದ್ದೆ ಕೊತ್ತಂಬರಿ ಸೊಪ್ಪಿನ ಕಟ್ಟನ್ನು ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿದೆ. ಅದರೊಳಗೆ ತಲೆ ಹಾಕಿದ, ಮೈ ಹಾಕಿದ, ರೆಕ್ಕೆ ಬಡಿದ. ತಿನ್ನುತ್ತಿದ್ದಾನೆ ಎಂದು ಕೂಗಿಕೊಂಡೆ. ಹೆಂಡತಿ ಬಂದು ನೋಡಿ, ‘ಸ್ನಾನ ಮಾಡ್ತಿದ್ದಾನೆ’ ಅಂದಳು. ಏಳನೇ ದಿನ ಪುಟ್ಟ ಕನ್ನಡಿಯ ಮೇಲೆ ಪೆಲೆಟ್ ಪುಡಿ ಹರಡಿದೆ. ಎದುರಿನ ಹಕ್ಕಿ ತಿನ್ನುವುದನ್ನು ಕಂಡು ಇದೂ ತಿನ್ನುತ್ತದೆ ಎಂದು ಲೆಕ್ಕ. ಲಕ್ಷ್ಮಣ ಕನ್ನಡಿಯವನನ್ನು ಕಂಡು ಸಂತೋಷಪಟ್ಟ. ತನ್ನ ಹೊಟ್ಟೆಯ ನವಣೆಯನ್ನು ಕಕ್ಕಿ ಅವನಿಗೆ ತಿನ್ನಿಸಲು ಹೋದ. ಆ ಹೊತ್ತು ನಾನು ಕನ್ನಡಿ ತೆಗೆದಿಟ್ಟುಬಿಟ್ಟೆ. ಯಾಕೋ ನೋಡಲಾಗಲಿಲ್ಲ.

ರಾಮಾಯಣದ ಲಕ್ಷ್ಮಣ ಹದಿನಾಲ್ಕು ವರ್ಷ ಊಟ ನಿದ್ದೆ ಬಿಟ್ಟಿದ್ದ ಎಂದು ಅಮ್ಮ ಕತೆ ಹೇಳುತ್ತಿದ್ದರು. ಹೆಸರು ಇಡುವಾಗ ಯೋಚಿಸಬೇಕಿತ್ತು. ಕುಂಭಕರ್ಣ ಎಂದಿಟ್ಟಿದ್ದರೆ ನಿದ್ದೆಯಾದರೂ ಮಾಡುತ್ತಿದ್ದ.

ಡಾಕ್ಟರಿಗೆ ಫೋನು ಮಾಡಿದೆ. ‘ಇವು ಗುಂಪಲ್ಲಿ ಬದುಕೋ ಹಕ್ಕಿ ಸರ್. ಗುಂಪು ತಿಂದದ್ದನ್ನ ತಿಂತವೆ. ನೀವೇ ಅದರ ಗುಂಪು. ಅದರ ಮುಂದೆ ಕೂತ್ಕೊಂಡು ತಿನ್ನಿ.’

ಹಾಗಾಗಿ ಪ್ರತಿದಿನ ಹನ್ನೊಂದಕ್ಕೆ ಪಂಜರದ ಮುಂದೆ ಕುರ್ಚಿ ಹಾಕಿಕೊಂಡು ಹಸಿ ಕ್ಯಾರೆಟ್ ಕಡಿಯತೊಡಗಿದೆ. ಕಡಿಯುವುದಷ್ಟೇ ಅಲ್ಲ, ರುಚಿಯಾಗಿದೆ ಎಂದು ತೋರಿಸಲು ‘ಆಹಾ!’ ಎಂದೂ ಹೇಳುತ್ತಿದ್ದೆ. ಒಂದು ದಿನ ಕೊರಿಯರ್ ಹುಡುಗ ಕಿಟಕಿಯಿಂದ ಅದನ್ನು ನೋಡಿ, ಸಹಿ ಹಾಕಿಸಿಕೊಳ್ಳುವಾಗ ಒಂದು ಹೆಜ್ಜೆ ದೂರವೇ ನಿಂತಿದ್ದ.

ನಮ್ಮ ಗುಂಪಿನ ಸ್ಥಿತಿ ಏನೆಂದು ಅಲ್ಲಿ ಕೂತಾಗ ಯೋಚನೆ ಬಂತು. ಮೊದಲು ನಾಲ್ಕು ಜನ ಒಟ್ಟಿಗೆ ಉಣ್ಣುತ್ತಿದ್ದೆವು. ಈಗ ನಾನು ಸುದ್ದಿಯ ಮುಂದೆ, ಅವಳು ಧಾರಾವಾಹಿ ಮುಗಿದ ಮೇಲೆ. ಅಡುಗೆ ಡಬ್ಬಿಗಳಲ್ಲಿ ಇರುತ್ತದೆ, ಅವರವರು ಬಡಿಸಿಕೊಳ್ಳುವುದು. ಜಗಳವೇನಿಲ್ಲ. ಇಬ್ಬರಿಗಾಗಿ ಮೇಜು ಒರೆಸುವುದು ಯಾಕೆ ಎಂದು ಶುರುವಾದದ್ದು, ಹಾಗೇ ಆಗಿಹೋಗಿದೆ.

ಇಪ್ಪತ್ತಮೂರನೇ ದಿನ ಹಿತ್ತಲ ನುಗ್ಗೆಮರದ ಕೊಂಬೆಯೊಂದು ಗಾಳಿಗೆ ಮುರಿದು ಬಿತ್ತು. ಅಷ್ಟು ಸೊಪ್ಪು ಹಾಳಾಗುತ್ತದಲ್ಲ ಎಂದು ಹೆಂಡತಿ ಮೇಜಿನ ಮೇಲೆ ಪೇಪರ್ ಹರಡಿ ಬಿಡಿಸಲು ಕೂತಳು. ನುಗ್ಗೆಸೊಪ್ಪು ಬಿಡಿಸುವುದು ಒಬ್ಬರ ಕೆಲಸವಲ್ಲ. ‘ಬನ್ರೀ, ಕೈ ಹಾಕಿ’ ಅಂದಳು. ಎದುರು ಕೂತೆ. ಕಡ್ಡಿಯನ್ನು ತುದಿಯಿಂದ ಹಿಡಿದು ಎಳೆದರೆ ಸಣ್ಣ ದುಂಡು ಎಲೆಗಳು ಪೇಪರಿನ ಮೇಲೆ ಪಟಪಟ ಉದುರುತ್ತವೆ. ಮಗಳು ಚಿಕ್ಕವಳಿದ್ದಾಗ ಬಸ್ಸಾರಿನಲ್ಲಿ ಈ ಎಲೆ ಕಂಡರೆ ಒಂದೊಂದನ್ನೇ ಎತ್ತಿ ತಟ್ಟೆಯ ಅಂಚಿಗೆ ಅಂಟಿಸುತ್ತಿದ್ದಳು ಎಂದು ನೆನಪಾಯಿತು. ‘ಅದನ್ನ ನೀವು ತಿಂದುಬಿಟ್ಟು, ಅವಳೇ ತಿಂದ್ಲು ಅಂತ ನನಗೆ ಸುಳ್ಳು ಹೇಳ್ತಿದ್ರಿ’ ಅಂದಳು ಹೆಂಡತಿ. ಅವಳಿಗೆ ಗೊತ್ತಿತ್ತು ಎಂದು ನನಗೆ ಹತ್ತೊಂಬತ್ತು ವರ್ಷ ಗೊತ್ತಿರಲಿಲ್ಲ.

ಪರದೆಯ ಕಂಬಿಯ ಮೇಲೆ ಕೂತಿದ್ದ ಲಕ್ಷ್ಮಣ ಯಾವಾಗ ಇಳಿದನೋ. ಪೇಪರಿನ ಅಂಚಿನಲ್ಲಿ ನಿಂತಿದ್ದ. ನಮ್ಮ ನಾಲ್ಕು ಕೈಗಳನ್ನು ಸರದಿಯಂತೆ ನೋಡಿದ. ಬಿಡಿಸಿಟ್ಟ ರಾಶಿಯನ್ನು ಮುಟ್ಟಲಿಲ್ಲ. ನೇರವಾಗಿ ನನ್ನ ಕೈಯಲ್ಲಿದ್ದ ಕಡ್ಡಿಯ ಹತ್ತಿರ ನಡೆದು ಬಂದು, ಒಂದು ಎಲೆಯನ್ನು ಕೊಕ್ಕಿನಿಂದ ಚಿವುಟಿ ಕೆಳಗೆ ಹಾಕಿದ. ಇನ್ನೊಂದನ್ನು ಚಿವುಟಿ ಹಾಕಿದ. ನಮ್ಮ ಜೊತೆ ಸೊಪ್ಪು ಬಿಡಿಸುತ್ತಿದ್ದ! ಮೂರನೆಯದು ಕೆಳಗೆ ಬೀಳಲಿಲ್ಲ. ಕೊಕ್ಕಿನಲ್ಲಿ ಉರುಳಿತು, ಅಂಚು ಮುರಿಯಿತು, ಒಳಗೆ ಹೋಯಿತು. ಹೆಂಡತಿ ನನ್ನ ಕೈ ಅದುಮಿದಳು. ಇಬ್ಬರೂ ಉಸಿರಾಡಲಿಲ್ಲ. ‘ಆಹಾ’ ಅನ್ನಲು ಬಾಯಿ ತೆರೆದವನನ್ನು ಅವಳು ಕಣ್ಣಿನಲ್ಲೇ ತಡೆದಳು.

ಆಮೇಲಿನದು ಸುಲಭವಾಗಿತ್ತು ಎನ್ನಲಾರೆ. ಕ್ಯಾರೆಟ್ಟಿಗೆ ಇನ್ನೂ ಒಂದು ತಿಂಗಳು ಬೇಕಾಯಿತು, ಪೆಲೆಟ್ಟಿನ ಮೇಲೆ ಅವನಿಗೆ ಇವತ್ತಿಗೂ ಅನುಮಾನ. ಆದರೆ ಅವನು ಮೇಜಿನ ಮೇಲೆ ನಾವಿದ್ದರೆ ಮಾತ್ರ ಸೊಪ್ಪು ತಿನ್ನುತ್ತಾನೆ. ಹಾಗಾಗಿ ಮಧ್ಯಾಹ್ನ ಎರಡಕ್ಕೆ ಇಬ್ಬರೂ ಮೇಜಿಗೆ ಬರಲೇಬೇಕಾಯಿತು. ನನಗೆ 60 ಗ್ರಾಂ ನವಣೆ, ಅವನಿಗೆ ಒಂದು ಚಮಚ ನವಣೆ, ಮೂವರಿಗೂ ಸೊಪ್ಪು. ಈಗ ಅವನು 41 ಗ್ರಾಂ. ಕಂಬಿಯಿಂದ ಮೇಜಿಗೆ ಹಾರಿಯೇ ಬರುತ್ತಾನೆ.

ನಮ್ಮ ಎರಡು ಗಂಟೆ ಮಗಳಿಗೆ ಸಂಜೆ ಆರೂವರೆ. ಅವಳ ರಾತ್ರಿಯೂಟದ ಹೊತ್ತು. ತೂಕದ ಲೆಕ್ಕ ಕೇಳಲು ಫೋನು ಮಾಡುತ್ತಿದ್ದವಳು, ಈಗ ತಟ್ಟೆ ಇಟ್ಟುಕೊಂಡೇ ಮಾಡುತ್ತಾಳೆ. ನಾವು ಫೋನನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸುತ್ತೇವೆ. ಮೊನ್ನೆ ಅವಳಮ್ಮ, ‘ಅದೇನೇ ಬರೀ ಬ್ರೆಡ್ಡು? ತಟ್ಟೇಲಿ ಹಸಿರು ಏನಿದೆ ತೋರ್ಸು’ ಅಂದಳು. ಅವಳು ಎದ್ದು ಹೋದಳು. ಫ್ರಿಜ್ ತೆಗೆದ ಸದ್ದಾಯಿತು. ಬಾಡಿದ ಕೊತ್ತಂಬರಿಯ ಒಂದು ಎಸಳು ತಂದು ಕ್ಯಾಮೆರಾದ ಹತ್ತಿರ ಹಿಡಿದು ಬಾಯಿಗೆ ಹಾಕಿಕೊಂಡಳು.

‘ಆಹಾ!’ ಅಂದಳು. ಥೇಟ್ ನನ್ನದೇ ದನಿ.

ಲಕ್ಷ್ಮಣ ಫೋನಿನ ಮುಂದೆ ಬಂದು ಒಂದು ಕಣ್ಣಿನಿಂದ ಅವಳನ್ನು ನೋಡಿದ. ತಿರುಗಿ ಇನ್ನೊಂದು ಕಣ್ಣಿನಿಂದ ನೋಡಿದ.