ನೆಲದಡಿಯ ಗಾಳಿ

ಅಮೆರಿಕದ ಜನ ‘ಮೊಬೈಲ್ ಹೋಮ್’ ಎಂದು ಕರೆಯುವ ಮನೆ ಹೆಸರಿನಲ್ಲಿ ಜಂಗಮ, ಬಾಳಿನಲ್ಲಿ ಬಹುಮಟ್ಟಿಗೆ ಸ್ಥಾವರ. ಕಾರ್ಖಾನೆಯಲ್ಲಿ ಉಕ್ಕಿನ ಚೌಕಟ್ಟಿನ ಮೇಲೆ ಸಿದ್ಧವಾಗಿ, ಗಾಲಿಗಳ ಮೇಲೆ ಹೆದ್ದಾರಿಯಲ್ಲಿ ಸಾಗಿ, ಒಮ್ಮೆ ಒಂದು ನಿವೇಶನದಲ್ಲಿ ಇಳಿಯಿತೆಂದರೆ ಅದು ಮತ್ತೆ ಚಲಿಸುವುದು ಅಪರೂಪ. ಇಂಥ ಮನೆಗಳ ನಿರ್ಮಾಣಕ್ಕೆ ಆ ದೇಶದ ಕೇಂದ್ರ ಸರಕಾರದ ನಿಯಮಾವಳಿ 1976ರ ಜೂನ್ 15ರಂದು ಜಾರಿಗೆ ಬಂತು. ಕಾನೂನಿನ ಕಡತಗಳಲ್ಲಿ ಈಗ ಬೇರೆ ಹೆಸರಿದ್ದರೂ ಜನರ ಬಾಯಲ್ಲಿ ಹಳೆಯದೇ ಉಳಿದಿದೆ. ಕಡಮೆ ವರಮಾನದ ದುಡಿಮೆಗಾರರಿಗೂ ನಿವೃತ್ತರಿಗೂ ಸ್ವಂತ ಸೂರೆಂಬುದು ಎಷ್ಟೋ ಸಲ ಇದೊಂದೇ.

ಅರಿಜೋನಾದ ಮರುಭೂಮಿಯಲ್ಲಿ ಈ ಸೂರಿಗೆ ಕಠಿಣ ಪರೀಕ್ಷೆಯೊಡ್ಡುವುದು ಬೇಸಗೆ. 2023ರಲ್ಲಿ ಫೀನಿಕ್ಸ್ ನಗರದ ಉಷ್ಣತೆ ಸತತ 31 ದಿನ 43.3 ಡಿಗ್ರಿ ಸೆಲ್ಸಿಯಸ್ಸನ್ನು ಮುಟ್ಟಿತು ಅಥವಾ ಮೀರಿತು. ಆ ನಗರವಿರುವ ಮಾರಿಕೋಪಾ ಕೌಂಟಿಯಲ್ಲಿ ಆ ವರ್ಷ ಉಷ್ಣ ಸಂಬಂಧಿ ಕಾರಣಗಳಿಂದ 645 ಮಂದಿ ಸತ್ತರು. ಅಲ್ಲಿ ಏರ್ ಕಂಡೀಷನರ್ ಸುಖದ ಸಾಧನವಲ್ಲ. ಜೀವ ಹಿಡಿದಿಡುವ ಉಪಕರಣ.

ಅಂಥ ಮನೆಯೊಂದರಲ್ಲಿ ಒಂಟಿಯಾಗಿ ಬಾಳುವ ವೃದ್ಧೆಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಯಂತ್ರ ಹಗಲಿರುಳು ಓಡುತ್ತದೆ, ವಿದ್ಯುತ್ ಬಿಲ್ಲು ತಿಂಗಳಿಂದ ತಿಂಗಳಿಗೆ ಏರುತ್ತದೆ. ಆದರೂ ತುದಿಯ ಮಲಗುವ ಕೋಣೆ ತಣಿಯದು. ಯಂತ್ರ ಚಿಕ್ಕದಾಯಿತು, ದೊಡ್ಡದನ್ನು ತನ್ನಿ ಎಂಬ ಸಲಹೆ ಸುಲಭವಾಗಿ ದೊರೆಯುತ್ತದೆ. ದೋಷವಿರುವುದು ಯಂತ್ರದಲ್ಲಲ್ಲ, ಆಕೆಯ ಕಾಲಡಿಯಲ್ಲಿ ಎಂದು ಹೇಳುವವರು ವಿರಳ.

ಈ ಮನೆಗಳಲ್ಲಿ ಡಕ್ಟ್, ಎಂದರೆ ತಂಪುಗಾಳಿಯನ್ನು ಒಯ್ಯುವ ತಗಡಿನ ನಾಳ, ಸಾಮಾನ್ಯವಾಗಿ ನೆಲದಡಿಯಲ್ಲಿ ಮನೆಯ ಉದ್ದಕ್ಕೂ ಹಾಯುತ್ತದೆ. ಅಲ್ಲಿಂದ ನೆಲದ ಕಿಂಡಿಗಳ ಮೂಲಕ ಗಾಳಿ ಮೇಲೇರುತ್ತದೆ. ಎರಡು ಭಾಗಗಳನ್ನು ಜೋಡಿಸಿ ಕಟ್ಟಿದ ಮನೆಯಾದರೆ ಆ ಭಾಗಗಳ ನಾಳಗಳನ್ನು ಬೆಸೆಯುವ ಬಾಗುವ ಕೊಳವೆಯೊಂದು ಅಡಿಯಲ್ಲಿರುತ್ತದೆ. ಕಿಂಡಿಯ ಕತ್ತು ನಾಳವನ್ನು ಕೂಡುವಲ್ಲಿ, ನಾಳದ ಕೊನೆಗಳಲ್ಲಿ, ಆ ಕೊಳವೆಯ ಎರಡು ಬಾಯಿಗಳಲ್ಲಿ ಸಂದು ಬಿಡುತ್ತದೆ. ನೆಲದಡಿಯ ಹೊದಿಕೆಯನ್ನು ಇಲಿ, ಬೆಕ್ಕುಗಳು ಹರಿದರೆ ಬಿಸಿಗೆ ಇದ್ದ ತಡೆಯೂ ಹೋಯಿತು. ಸಾಧಾರಣ ಮನೆಗಳಲ್ಲಿಯೇ ನಾಳದೊಳಗೆ ಹರಿಯುವ ಗಾಳಿಯ 20ರಿಂದ 30 ಶೇಕಡಾ ಹೀಗೆ ಸೋರಿಹೋಗುತ್ತದೆ ಎಂಬುದು ಅಮೆರಿಕ ಸರಕಾರದ ‘ಎನರ್ಜಿ ಸ್ಟಾರ್’ ಯೋಜನೆಯ ಅಂದಾಜು. ಹಣ ತೆತ್ತು ತಂಪಾಗಿಸಿದ ಗಾಳಿ ಮನೆಯಡಿಯ ಮಣ್ಣನ್ನು ತಣಿಸುತ್ತದೆ. ಮನೆಗೆ ಮಾರಿ, ಪರರಿಗೆ ಉಪಕಾರಿ ಎಂಬ ಗಾದೆಗೆ ಇದಕ್ಕಿಂತ ತಕ್ಕ ನಿದರ್ಶನ ದೊರೆಯದು.

ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಯಂತ್ರ ಮನೆಯೊಳಗಿನಿಂದ ಎಷ್ಟು ಗಾಳಿಯನ್ನು ಸೆಳೆಯುತ್ತದೋ ಅಷ್ಟನ್ನೂ ಮನೆಯೊಳಕ್ಕೇ ಮರಳಿಸಬೇಕು. ಒಂದು ಪಾಲು ಹೊರಗೆ ಸೋರಿದರೆ ಒಳಗಿನ ಒತ್ತಡ ಕುಸಿಯುತ್ತದೆ; ಆ ಕೊರತೆಯನ್ನು ತುಂಬಲು ಹೊರಗಿನ ಸುಡುಗಾಳಿ ಕಿಟಕಿ, ಬಾಗಿಲುಗಳ ಸಂದಿನಿಂದ ನುಗ್ಗುತ್ತದೆ. ಸೋರಿಕೆ ತಂಪನ್ನು ಕದಿಯುವುದಲ್ಲದೆ ಬಿಸಿಯನ್ನು ಒಳಕ್ಕೆ ಕರೆತರುತ್ತದೆ. ಹೀಗಿರುವಾಗ ದೊಡ್ಡ ಯಂತ್ರವನ್ನು ತಂದರೆ ತೂತಿನ ಕೊಡಕ್ಕೆ ಇನ್ನಷ್ಟು ನೀರು ಸುರಿದಂತಾಗುತ್ತದೆ.

ದುರಸ್ತಿ ಆರಂಭವಾಗಬೇಕಾದುದು ಅತ್ಯಂತ ಸರಳವಾದುದರಿಂದ. ಧೂಳು ತುಂಬಿದ ಫಿಲ್ಟರನ್ನು ಬದಲಿಸಬೇಕು. ನೆಲದ ಕಿಂಡಿಗಳ ಮೇಲೆ ಹಾಸಿದ ಕಂಬಳಿ, ಸರಿಸಿಟ್ಟ ಮಂಚಗಳನ್ನು ತೆಗೆಯಬೇಕು. ಮಲಗುವ ಕೋಣೆಯ ಬಾಗಿಲು ಮುಚ್ಚಿದಾಗ ಒಳಬಂದ ಗಾಳಿ ಯಂತ್ರಕ್ಕೆ ಮರಳಲು ಬಾಗಿಲ ಕೆಳಗೆ ಎಡೆಯಿದೆಯೇ ಎಂದು ನೋಡಬೇಕು. ಆಮೇಲೆ ಯಂತ್ರವನ್ನು ನಿಲ್ಲಿಸಿ, ಕಿಂಡಿಯ ಜಾಲರಿಯನ್ನು ಎತ್ತಿ, ಕನ್ನಡಿ ಮತ್ತು ಟಾರ್ಚು ಹಿಡಿದು ನಾಳದೊಳಗೆ ಇಣುಕಬೇಕು. ಮನೆಯಡಿಗೆ ತೆವಳಿ ಹೋದವರಿಗೆ, ಯಂತ್ರ ನಡೆಯುತ್ತಿರುವಾಗ ಸಂದಿನ ಬಳಿ ಹಿಡಿದ ಊದುಬತ್ತಿಯ ಹೊಗೆ ಓಲಾಡಿದರೆ ಸೋರಿಕೆಯ ತಾಣ ತಿಳಿಯುತ್ತದೆ.

ಮುಚ್ಚುವ ಬಗೆಯಲ್ಲಿಯೂ ಎಚ್ಚರ ಬೇಕು. ‘ಡಕ್ಟ್ ಟೇಪ್’ ಎಂಬ ಬಟ್ಟೆಯ ಅಂಟುಪಟ್ಟಿ ಹೆಸರಿಗೆ ನಾಳದ್ದೇ. ಆದರೆ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಸಂಶೋಧಕರು 1998ರಲ್ಲಿ ಬಿಸಿ ಮತ್ತು ತಂಪುಗಾಳಿಯ ನಡುವೆ ಪರೀಕ್ಷಿಸಿದಾಗ ನಾಳದ ಸಂದುಗಳನ್ನು ಮುಚ್ಚುವ ಕೆಲಸದಲ್ಲಿಯೇ ಅದು ಸೋತಿತು. ಬಾಳುವುದು ಕುಂಚದಿಂದ ಬಳಿಯುವ ಮಾಸ್ಟಿಕ್ ಎಂಬ ಮೆತ್ತುಗೆ. ಅಗಲವಾದ ಸಂದಿದ್ದರೆ ಮೊದಲು ಗಾಜಿನೆಳೆಯ ಜಾಲವನ್ನಿಟ್ಟು ಅದರ ಮೇಲೆ ಮೆತ್ತಬೇಕು. ಜೋತುಬಿದ್ದ ಕೊಳವೆಯನ್ನು ನೆಲಕ್ಕೆ ತಾಗದಂತೆ ಅಗಲದ ಪಟ್ಟಿಗಳಿಂದ ತೂಗಿ ಕಟ್ಟಿ, ಹರಿದ ಹೊದಿಕೆಗೆ ತೇಪೆ ಹಾಕಿದಾಗ ಕೆಲಸ ಪೂರ್ಣವಾಗುತ್ತದೆ.

ಇದಕ್ಕೆ ಬೇಕಾದ ಸಾಮಗ್ರಿಯ ಬೆಲೆ ಹೊಸ ಯಂತ್ರದ ಬೆಲೆಯ ಒಂದು ಚಿಕ್ಕ ಅಂಶ. ಆದರೂ ಈ ಕೆಲಸ ಉಳಿದುಹೋಗುವುದುಂಟು. ಹೊಸ ಯಂತ್ರ ಕಣ್ಣಿಗೆ ಕಾಣುತ್ತದೆ, ಮೆತ್ತಿದ ಸಂದು ಕಾಣುವುದಿಲ್ಲ. ವೃದ್ಧೆಯೊಬ್ಬಳು ತಾನಾಗಿ ಮನೆಯಡಿಗೆ ತೆವಳಲಾರಳು. ತೆವಳಬಲ್ಲವರು ಒಂದು ಮಧ್ಯಾಹ್ನವನ್ನು ಅದಕ್ಕಾಗಿ ಮೀಸಲಿಡಬೇಕು. ಬಡವರ ಬಿಲ್ಲು ಏರಿದಾಗ ಅವರು ಹೆಚ್ಚು ಬಳಸಿದರು ಎಂದು ಲೋಕ ತೀರ್ಮಾನಿಸುತ್ತದೆ. ಅವರಿಗೆ ದಕ್ಕಿದ್ದೆಷ್ಟು, ನೆಲದಡಿಯಲ್ಲಿ ಸೋರಿದ್ದೆಷ್ಟು ಎಂಬ ಲೆಕ್ಕ ಆ ಬಿಲ್ಲಿನಲ್ಲಿ ಬರೆದಿರುವುದಿಲ್ಲ.