ಅಂಜುಬುರುಕರ ಶಿವಗಂಗಾರೋಹಣ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ದಾಬಸ್‌ಪೇಟೆಯನ್ನು ಸಮೀಪಿಸುತ್ತಿರುವಾಗ ಎಡಗಡೆಗೆ ಎದ್ದು ಕಾಣುವ ಶಿಲಾಮಯ ಗಿರಿಯೇ ಶಿವಗಂಗೆ. ಪೂರ್ವದಿಂದ ನೋಡಿದವರಿಗೆ ನಂದಿಯಂತೆಯೂ, ಪಶ್ಚಿಮದಿಂದ ಗಣಪತಿಯಂತೆಯೂ, ದಕ್ಷಿಣದಿಂದ ಲಿಂಗದಂತೆಯೂ, ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆಯೂ ಇದು ತೋರುವುದೆಂದು ಹಿರಿಯರು ಹೇಳುವರು. ನಮಗಾದರೋ ಮೂವತ್ತು ವರ್ಷಗಳ ಕಾಲ ಯಾವ ದಿಕ್ಕಿನಿಂದ ನೋಡಿದರೂ ಅದು ನಮ್ಮನ್ನು ಅಣಕಿಸುವ ಮುಖದಂತೆಯೇ ತೋರುತ್ತಿದ್ದಿತು. ಅದರ ಕಾರಣವನ್ನು ವಾಚಕರಲ್ಲಿ ಮರೆಮಾಚದೆ ಅರಿಕೆಮಾಡುವೆವು.

1994ರಲ್ಲಿ ನಾವು ಪ್ರೌಢಶಾಲೆಯ ಮಕ್ಕಳನ್ನು ಕರೆದುಕೊಂಡು ಈ ಬೆಟ್ಟಕ್ಕೆ ಬಂದಿದ್ದೆವು. ಒಳಕಲ್ಲು ತೀರ್ಥದವರೆಗೆ ಹೇಗೋ ಹತ್ತಿದೆವು. ಅಲ್ಲಿಂದ ಮೇಲೆ, ಬಂಡೆಯ ಮೈಯಲ್ಲಿಯೇ ಕಡಿದ ಕಡಿದಾದ ಮೆಟ್ಟಿಲುಗಳನ್ನು ಕಂಡೊಡನೆ ನಮ್ಮ ಕಾಲುಗಳು ನಡುಗತೊಡಗಿದವು. “ಮೇಷ್ಟ್ರೇ, ತಾವು ಬರುವುದಿಲ್ಲವೇ?” ಎಂದು ಒಬ್ಬ ಹುಡುಗನು ಕೇಳಿದನು. ಹೆದರಿಕೆಯಾಗುತ್ತಿದೆ ಎನ್ನಲು ನಾಚಿ, ಮಂಡಿ ನೋಯುತ್ತಿದೆಯೆಂದು ಸುಳ್ಳಾಡಿದೆವು. ಸಹೋದ್ಯೋಗಿಯೊಬ್ಬರೊಂದಿಗೆ ಮಕ್ಕಳೆಲ್ಲರೂ ಮೇಲೆ ಹೋದರು. ಪ್ರಶ್ನೆ ಕೇಳಿದ ಆ ಹುಡುಗನಿಗೂ ನಮ್ಮಷ್ಟೇ ಅಂಜಿಕೆಯಿತ್ತೆಂಬುದು ನಮಗೆ ತಿಳಿದದ್ದು, ಇಳಿಯುವಾಗ ಅವನು ಜಾರಿ ಬಿದ್ದು ಮೊಣಕೈ ಮುರಿದುಕೊಂಡ ಮೇಲೆ. ಮೂಳೆ ಕೂಡಿಕೊಂಡಿತು, ನಮ್ಮ ಮನಸ್ಸು ಮಾತ್ರ ಕೂಡಲಿಲ್ಲ. ನಾವು ನಿಜವನ್ನು ನುಡಿದಿದ್ದರೆ ಅವನೂ ನಮ್ಮ ಪಕ್ಕದಲ್ಲಿ ಕುಳಿತಿರುತ್ತಿದ್ದನಲ್ಲವೇ!

ಬೆಟ್ಟವನ್ನು ಮೆಲ್ಲನೆ ದಾಟಬೇಕೆಂಬ ಸುಭಾಷಿತವನ್ನು ವರ್ಷವರ್ಷವೂ ಪಾಠ ಹೇಳಿದ ನಮಗೆ ಅದರ ಅರ್ಥವು ನಿವೃತ್ತಿಯಾದ ಮೇಲೆ ತಿಳಿಯಬೇಕಾಯಿತು. ಕಳೆದ ಮಾರ್ಗಶಿರದಲ್ಲಿ ನಮ್ಮ ಮಗಳು, “ಅಪ್ಪಾ, ಈ ಸಲ ಹೋಗಿಯೇ ಬರೋಣ, ಆಗದಿದ್ದರೆ ಹಿಂದಿರುಗೋಣ” ಎಂದಳು. ಹನ್ನೊಂದು ವರ್ಷದ ಮೊಮ್ಮಗನೂ ಜೊತೆಗೂಡಿದನು. ಹೊರಡುವ ಮೊದಲೇ ಒಂದು ನಿಯಮವನ್ನು ಮಾಡಿಕೊಂಡೆವು: ಮೂವರಲ್ಲಿ ಯಾರು “ಸಾಕು” ಎಂದರೂ ಮೂವರೂ ಅಲ್ಲಿಗೇ ನಿಲ್ಲತಕ್ಕದ್ದು, ಏಕೆಂದು ಯಾರೂ ಕೇಳತಕ್ಕದ್ದಲ್ಲ.

ಮಳೆಗಾಲದಲ್ಲಿ ಪಾಚಿಗಟ್ಟುವ ಬಂಡೆಯು ಆ ವೇಳೆಗೆ ಚೆನ್ನಾಗಿ ಒಣಗಿರುವುದು. ಬಿಸಿಲೇರಿದರೆ ಕಲ್ಲು ಕಾದು ಆಯಾಸ ಹೆಚ್ಚುವುದರಿಂದ ಬೆಳಗಾಗುತ್ತಲೇ ಹೊರಟೆವು. ನೀರನ್ನೂ ಬುತ್ತಿಯನ್ನೂ ಬೆನ್ನಿನ ಚೀಲದೊಳಗೆ ಕಟ್ಟಿ ಕೈಗಳನ್ನು ಬರಿದಾಗಿರಿಸಿಕೊಂಡೆವು. ಕೈಯಲ್ಲಿ ತಿಂಡಿಯ ಪೊಟ್ಟಣವನ್ನು ಹಿಡಿದವನನ್ನು ಅಲ್ಲಿನ ಕೋತಿಗಳು ಬಿಡುವುದಿಲ್ಲ. ಕೋತಿಗೆ ಬೆದರಿ ಹೆಜ್ಜೆ ತಪ್ಪುವುದು ಬೆಟ್ಟಕ್ಕೆ ಬೆದರುವುದಕ್ಕಿಂತಲೂ ಅಪಾಯಕರ.

ಗಂಗಾಧರೇಶ್ವರನ ದರ್ಶನವು ಮೊದಲು. ಇಲ್ಲಿ ಲಿಂಗಕ್ಕೆ ಸವರಿದ ತುಪ್ಪವು ಬೆಣ್ಣೆಯಾಗುವುದೆಂಬ ಪ್ರಸಿದ್ಧಿಯಿದೆ. ಮಕರಸಂಕ್ರಮಣದಲ್ಲಿ ನಡೆಯುವ ಸ್ವಾಮಿಯ ಕಲ್ಯಾಣೋತ್ಸವಕ್ಕೆ ಶಿಖರದಲ್ಲಿರುವ ತೀರ್ಥದ ಕಂಬದಿಂದ ಗಂಗೆಯನ್ನು ತರುವರು. ಅಲ್ಲಿಂದ ಮೇಲೇರಿ ಒಳಕಲ್ಲು ತೀರ್ಥವನ್ನು ಸೇರಿದೆವು. ಬಂಡೆಯ ಗುಹೆಯಲ್ಲಿ ಒರಳಿನಂತಹ ಒಂದು ಕುಳಿ. ಅದರೊಳಗೆ ಕೈಯಿಟ್ಟಾಗ ನೀರು ಸಿಕ್ಕಿದವನು ಪುಣ್ಯವಂತನೆಂದು ನಂಬಿಕೆ. ನಮ್ಮ ಕೈಗೆ ನೀರು ಸಿಕ್ಕಿತು. ಆದರೂ ಹೊರಗೆ ಬಂದು ಮೆಟ್ಟಿಲುಗಳನ್ನು ನೋಡಿದಾಗ ಮೂವತ್ತು ವರ್ಷದ ಹಿಂದಿನ ನಡುಕವೇ ಮರಳಿ ಬಂದಿತು.

ಈ ಸಲ ಸುಳ್ಳಾಡಲಿಲ್ಲ. “ಮಗು, ನಮಗೆ ಭಯವಾಗುತ್ತಿದೆ” ಎಂದು ಮೊಮ್ಮಗನಿಗೆ ಹೇಳಿದೆವು. ಅವನು ನಮ್ಮ ಕಿರುಬೆರಳನ್ನು ಹಿಡಿದುಕೊಂಡು, “ನನಗೂ ತಾತ, ಅಮ್ಮನಿಗೆ ಹೇಳಬೇಡಿ” ಎಂದನು. ಹೇಳಲೇಬೇಕೆಂದು ತಿಳಿಯಹೇಳಿ, ನಾವೇ ಹೇಳಿದೆವು. ಮೂವರೂ ಕುಳಿತು ನೀರು ಕುಡಿದು, ಏದುಸಿರು ಇಳಿಯುವವರೆಗೆ ಕಾದೆವು.

ಆ ಹೊತ್ತಿನಲ್ಲಿ ನಮಗೆ ವ್ಯಾಕರಣದ ಪಾಠವೊಂದು ನೆನಪಾಯಿತು. ಯಾವುದರಿಂದ ಬೀಳುವೆವೋ ಅದಕ್ಕೆ ಸಂಸ್ಕೃತದಲ್ಲಿ ಪಂಚಮೀ ವಿಭಕ್ತಿ. ಯಾವುದಕ್ಕೆ ಹೆದರುವೆವೋ ಅದಕ್ಕೂ ಪಂಚಮಿಯೇ. ಅಷ್ಟೇ ಅಲ್ಲ, ಹೆದರುವುದು, ಕಾಪಾಡುವುದು ಎಂಬ ಅರ್ಥದ ಧಾತುಗಳೆರಡನ್ನೂ ಪಾಣಿನಿಯು ಒಂದೇ ಸೂತ್ರದಲ್ಲಿ ಸೇರಿಸಿರುವನು. ಭಯವೂ ರಕ್ಷಣೆಯೂ ನೆರೆಹೊರೆಯವರೆಂಬುದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದೆವಲ್ಲದೆ ನಾವು ಮನಸ್ಸಿಗೆ ತಂದುಕೊಂಡಿರಲಿಲ್ಲ.

ಬಳಿಕ ಭಯವು ಹೇಳಿದಂತೆಯೇ ಹತ್ತಿದೆವು. ಎರಡು ಕೈ, ಎರಡು ಕಾಲು ಈ ನಾಲ್ಕರಲ್ಲಿ ಮೂರು ಸದಾ ಸ್ಥಿರವಾಗಿರಬೇಕು, ಒಂದು ಮಾತ್ರ ಚಲಿಸಬೇಕು. ಕಂಬಿಯನ್ನು ಒಮ್ಮೆ ಅಲುಗಿಸಿ ನೋಡಿ ಆಮೇಲೆ ಭಾರ ಬಿಡಬೇಕು. ಕಣ್ಣು ಮುಂದಿನ ಎರಡು ಮೆಟ್ಟಿಲುಗಳ ಮೇಲಿರಬೇಕು. ನೋಟವನ್ನು ಆನಂದಿಸುವುದಾದರೆ ನಿಂತು ಆನಂದಿಸಬೇಕು. ಹಿಂದಿನಿಂದ ಅವಸರದವರು ಬಂದರೆ, ಕಂಬಿಯನ್ನು ಬಿಡದೆ ನಿಂತು ಅವರಿಗೆ ದಾರಿ ಕೊಡಬೇಕು. ಮಗು ಮುಂದೆ, ಅವನ ಹಿಂದೆ ಅವನ ತಾಯಿ, ಕಡೆಯಲ್ಲಿ ನಾವು. ಹೀಗೆ ಇಪ್ಪತ್ತು ಮೆಟ್ಟಿಲಿಗೊಮ್ಮೆ ನಿಂತು ಏರಿದೆವು.

ಮೇಲೆ ಬಂಡೆಯ ತುದಿಯಲ್ಲಿ ಕಡೆದಿರುವ ನಂದಿಯ ಸುತ್ತಲಿನ ಜಾಗವು ಬಹು ಕಿರಿದು. ಪ್ರದಕ್ಷಿಣೆ ಬರುವವರನ್ನು ಕಂಡು ಮೊಮ್ಮಗನು “ಸಾಕು” ಎಂದನು. ನಿಯಮದಂತೆ ಮೂವರೂ ನಿಂತೆವು, ಕೆಳಗಿನಿಂದಲೇ ಕೈಮುಗಿದೆವು. ಆ ಒಂದು ಮಾತನ್ನು ಅವನು ನಾಚದೆ ನುಡಿದದ್ದು ನಮಗೆ ಪ್ರದಕ್ಷಿಣೆಗಿಂತ ಹೆಚ್ಚಿನ ಫಲವಾಯಿತು. ಸ್ವಲ್ಪ ಹೊತ್ತಿನ ಮೇಲೆ, “ದೊಡ್ಡ ದಾರಿಯಲ್ಲಿ ಬರುತ್ತೇನೆ ತಾತ” ಎಂದು ಅವನೇ ಎದ್ದನು. ಶಿಖರವನ್ನು ಸೇರಿದೆವು.

ಅಲ್ಲಿನ ಪ್ರಪಾತಕ್ಕೆ ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯ ಹೆಸರಿದೆ. ಅವಳು 1131ರಲ್ಲಿ ಶಿವಗಂಗೆಯಲ್ಲಿ ದೇಹತ್ಯಾಗ ಮಾಡಿದಳೆಂಬುದಕ್ಕೆ ಶ್ರವಣಬೆಳಗೊಳದ ಶಾಸನವೇ ಆಧಾರ. ಈ ಬಂಡೆಯಿಂದ ಧುಮುಕಿದಳೆಂಬುದು ಜನರ ಬಾಯಲ್ಲಿ ಬಂದ ಕಥೆ. ನಾವು ಅಂಚಿನಿಂದ ಬಹು ದೂರದಲ್ಲಿ ನಿಂತೇ ಆ ಮಹಾಸತಿಯನ್ನು ಸ್ಮರಿಸಿದೆವು. ಗಾಳಿಯು ಬಲವಾಗಿ ಬೀಸುತ್ತಿತ್ತು. ಕೆಳಗೆ ಕೆರೆಗಳೂ ತೋಟಗಳೂ ಹರಡಿದ್ದವು.

ಬೆಟ್ಟ ಹತ್ತಿದ ಸಂತೋಷದಲ್ಲಿ ಇಳಿಯುವ ಎಚ್ಚರವನ್ನು ಮರೆಯಬಾರದು. ಆ ಹುಡುಗನು ಬಿದ್ದದ್ದು ಇಳಿಯುವಾಗಲೇ. ಬಹಳ ಕಡಿದಾದೆಡೆಗಳಲ್ಲಿ ಏಣಿಯಿಂದ ಇಳಿಯುವಂತೆ ಬಂಡೆಗೆ ಮುಖಮಾಡಿ ಇಳಿದೆವು. ಮಗಳು ಕೆಳಗಿನ ಮೆಟ್ಟಿಲಲ್ಲಿದ್ದು ನಮ್ಮ ಹೆಜ್ಜೆಯನ್ನು ಕಾಯುತ್ತಿದ್ದಳು. ಕೆಲವು ತರುಣರು ನಮ್ಮನ್ನು ನೋಡಿ ನಕ್ಕರು. ನಗಲಿ! ದಾರಿಬದಿಯಲ್ಲಿ ಮಜ್ಜಿಗೆ ಮಾರುತ್ತಿದ್ದ ಮುದುಕಿಯು ಮಾತ್ರ, “ಹಂಗೇ ಇಳೀಬೇಕು ಬುದ್ಧಿ, ಬೆಟ್ಟ ಎಲ್ಲಿಗೋಗ್ತದೆ?” ಎಂದಳು. ಇದಕ್ಕಿಂತ ಉತ್ತಮವಾದ ವ್ಯಾಖ್ಯಾನವನ್ನು ಆ ಸುಭಾಷಿತಕ್ಕೆ ಯಾವ ಪಂಡಿತನೂ ಬರೆದಿರಲಾರನು.

ಊರಿಗೆ ಬಂದೊಡನೆ, ಈಗ ನಡುವಯಸ್ಸಿನ ಗೃಹಸ್ಥನಾಗಿರುವ ಆ ಶಿಷ್ಯನಿಗೆ ಪತ್ರ ಬರೆದೆವು. ಅಂದು ನಮ್ಮ ಮಂಡಿ ನೋಯುತ್ತಿರಲಿಲ್ಲವೆಂದು ತಿಳಿಸಿದೆವು. ಅವನಿಂದ ಒಂದೇ ಸಾಲಿನ ಉತ್ತರ ಬಂದಿತು: “ಆಗಲೇ ಗೊತ್ತಿತ್ತು ಮೇಷ್ಟ್ರೇ; ಮುಂದಿನ ಸಲ ನನ್ನನ್ನೂ ಕರೆಯಿರಿ.” ಬರುವ ಮಾರ್ಗಶಿರದಲ್ಲಿ, ಬಂಡೆ ಒಣಗಿದ ಮೇಲೆ, ನಾವು ನಾಲ್ವರು ಹೊರಡುವವರಿದ್ದೇವೆ.