ಅಪ್ಪನ ತಮಟೆ

ನಮ್ಮಪ್ಪ ಊರಲ್ಲಿದ್ದಾಗ ಗೌಡರ ಮನೆಯ ಹೆಣಗಳ ಮುಂದೆ ತಮಟೆ ಬಡಿದವನು. ಆಮೇಲೆ ಯಲಹಂಕಕ್ಕೆ ಬಂದು, ಯಶವಂತಪುರದ ಯಾರ್ಡಿನಲ್ಲಿ ಮೂಟೆ ಹೊತ್ತು, ನನ್ನನ್ನು ಬಿ.ಎ. ಮಾಡಿಸಿದ. 2021ರ ಏಪ್ರಿಲ್‌ನಲ್ಲಿ ಕೊರೋನಾ ಬಂದು ಸತ್ತ. ಮೇಡಿ ಅಗ್ರಹಾರದ ಚಿತಾಗಾರದ ಮುಂದೆ ಆಂಬುಲೆನ್ಸುಗಳ ಸಾಲು. ಊರ ಹೆಣಕ್ಕೆಲ್ಲ ಬಡಿದವನಿಗೆ ಒಂದು ಏಟು ಬಡಿಯುವವರಿರಲಿಲ್ಲ.

ವರ್ಷವಿಡೀ ನಾನು ಪದ್ಯ ಬರೆಯಲಿಲ್ಲ. "ದೇವ್ರಿಗೆ ಹರಕೆ ಹೊತ್ಕೊ" ಅಂದರು. ನಮ್ಮನ್ನು ಗುಡಿಯಾಚೆ ನಿಲ್ಲಿಸಿದ ದೇವರನ್ನು ಏನಂತ ಕೇಳಲಿ?

2022ರ ಏಪ್ರಿಲ್ 14. ಕೇರಿಯ ಹುಡುಗರು ಬಾಬಾಸಾಹೇಬರ ಫೋಟೋಗೆ ಹೂ ಕಟ್ಟುತ್ತಿದ್ದರು. ಅವ್ವ ಅಟ್ಟದಿಂದ ತಮಟೆ ಇಳಿಸಿ, ಬೆಂಕಿ ಹಾಕಿ ಕಾಯಿಸಿದಳು.

"ಬಡಿಯೋ ಮಗ. ನಿಮ್ಮಪ್ಪ ಕಂಡೋರ ಹೆಣಕ್ಕೆ ಬಡ್ದ. ನೀನು ನಮ್ಮ ಖುಷಿಗೆ ಬಡಿ."

ಬಡಿದೆ. ಮೊದಲು ಕೈ ನಡುಗಿತು, ಆಮೇಲೆ ಕಾಲು ಕುಣಿಯಿತು. ಕೇರಿಯೇ ಕುಣಿಯಿತು. ಅವ್ವ ಅಳ್ತಾ ಅಳ್ತಾನೇ ನಕ್ಕಳು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೌದ್ಧರಾದರು. ಡಿಸೆಂಬರ್ 6ಕ್ಕೆ ತೀರಿಕೊಂಡರು. ನಡುವೆ 53 ದಿನ. ಆದರೆ ಆ ದಾರಿಗೆ ಅವರು ಒಬ್ಬರೇ ಹೋಗಲಿಲ್ಲ, ಲಕ್ಷಾಂತರ ಜನರನ್ನು ಕರಕೊಂಡು ಹೋದರು. ನೆಮ್ಮದಿ ಅನ್ನೋದು ಹಾಗೇ ಬರುತ್ತೆ, ಗುಂಪಾಗಿ.

ಅಂದು ರಾತ್ರಿ ಪದ್ಯ ಬರೆದೆ. ತಮಟೆ ಮತ್ತೆ ಅಟ್ಟ ಹತ್ತಲಿಲ್ಲ. ಬಾಗಿಲ ಪಕ್ಕದ ಗೋಡೆಗೇ ತೂಗುಹಾಕಿದ್ದೀವಿ.